ಶಾಕಪ್ ನಾನೇ ಬದಲಿಸಿದೆ, ಈಗ ಮುಂದಿನ ಚಕ್ರದಲ್ಲಿ ಹೊಸ ಶಬ್ದ: ಮೂಲ ಹುಡುಕುವುದು ಹೇಗೆ

ಅಡಿಕೆ ಕೊಯ್ಲು ಶುರುವಾಗುವ ಮುಂಚೆ ನಮ್ಮ ಅಂಗಳ ಖಾಲಿ ಇರುತ್ತದೆ. ಆ ಬಿಡುವಿನ ಎರಡು ಭಾನುವಾರ ಕೂತು ನಮ್ಮ 2010ರ ಪೆಟ್ರೋಲ್ ಸ್ವಿಫ್ಟ್‌ನ ಮುಂದಿನ ಎರಡೂ ಶಾಕಪ್ (ಶಾಕ್ ಅಬ್ಸಾರ್ಬರ್), ಅವುಗಳ ಮೇಲಿನ ಮೌಂಟಿಂಗ್ ಮತ್ತು ಬೇರಿಂಗ್, ಎರಡೂ ಲಿಂಕ್ ರಾಡ್, ಚಕ್ರವನ್ನು ಅಡಿಯಿಂದ ಚಾಸಿಗೆ ಹಿಡಿದಿಡುವ ಬಲಗಡೆಯ ಲೋಯರ್ ಆರ್ಮ್ ಬದಲಿಸಿದೆ. ಕಾರು ಓಡಿದ್ದು 1,30,000 ಕಿ.ಮೀ. ದಾಟಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಟಾರು ರಸ್ತೆಗೆ ಹೋಗಲು ಅರ್ಧ ಕಿ.ಮೀ. ಮಣ್ಣಿನ ದಾರಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಉತ್ತ ಗದ್ದೆಯ ಹಾಗಿರುತ್ತದೆ. ಆ ದಾರಿಯಲ್ಲಿ ಶಾಕಪ್ ಅಷ್ಟು ದಿನ ಬಾಳಿದ್ದೇ ಹೆಚ್ಚು.

ಕೆಲಸ ಮುಗಿಸಿ, ಕೈ ತೊಳೆದು, ಅಕ್ಕನ ಮಗನನ್ನು ಪಕ್ಕ ಕೂರಿಸಿಕೊಂಡು ಹೊರಟೆ. ಹಳೆಯ ದಡಬಡ ಹೋಗಿತ್ತು. ಆದರೆ ಮಣ್ಣಿನ ದಾರಿ ಮುಗಿಯುವಷ್ಟರಲ್ಲಿ ಎಡಗಡೆಯಿಂದ ಸಣ್ಣಗೆ ಕಟಕಟ. ಟಾರು ರಸ್ತೆಗೆ ತಿರುಗಿಸಲು ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬಲಗಡೆ ಟೊಂಯ್ ಎಂದಿತು. ವಾಪಸ್ ಬಂದು ಅಂಗಳಕ್ಕೆ ಇಳಿಸುವಾಗ ಕಿರ್ರ್ ಎಂದು ಹಳೇ ಬಾಗಿಲು ತೆಗೆದ ಹಾಗೆ ಮತ್ತೊಂದು. ಮೂರು ಶಬ್ದ, ಮೂರೂ ಹೊಸವು. ಅವುಗಳನ್ನು ಒಂದೊಂದಾಗಿ ಹಿಡಿಯಲು ನನಗೆ ಹತ್ತು ದಿನ ಬೇಕಾಯಿತು. ದಾರಿ ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಕೆಲಸಕ್ಕೆ ಮುಂಚೆ ಇಲ್ಲದ ಶಬ್ದ ಕೆಲಸದ ಮರುದಿನ ಬಂದರೆ, ಅದರ ಮೂಲ ನಿಮ್ಮ ಕೈ ಹೋದ ಜಾಗದಲ್ಲೇ ಹೆಚ್ಚಾಗಿ ಇರುತ್ತದೆ. ಹೊಸ ಸಾಮಾನು ಖೋಟಾ ಎಂದು ಅಂಗಡಿಗೆ ಹೋಗಿ ಜಗಳ ಆಡಬೇಡಿ. ಮುಟ್ಟದೆ ಬಿಟ್ಟ ಭಾಗದ ಮೇಲೆ ಅನುಮಾನಪಟ್ಟು ಅದನ್ನೂ ಕೊಳ್ಳಬೇಡಿ. ನಾನು ಎಡಗಡೆಯ ಲೋಯರ್ ಆರ್ಮ್ ತರಿಸಲು ಫೋನ್ ಎತ್ತಿಕೊಂಡಿದ್ದೆ. ಆ ಆರ್ಮ್ ಇವತ್ತಿಗೂ ಚೆನ್ನಾಗಿದೆ. ತಪ್ಪಿದ್ದು ಅದರಿಂದ ಒಂದು ಗೇಣು ದೂರದ ಒಂದು ನಟ್ಟಿನಲ್ಲಿ.

ಕಾರಿನ ಅಡಿಗೆ ಹೋಗುವ ಮುಂಚೆ

ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಅದೊಂದರ ಮೇಲೆ ನಿಂತ ಕಾರಿನ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ. ಎತ್ತಿದ ಕಾರನ್ನು ಹೊರುವ ಎರಡು ಸ್ಟ್ಯಾಂಡ್ ಕೊಂಡುಕೊಳ್ಳಿ, ಇಲ್ಲವೇ ಗುರುತಿನ ಗ್ಯಾರೇಜಿನಿಂದ ಒಂದು ದಿನಕ್ಕೆ ತನ್ನಿ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ನಿಧಾನವಾಗಿ ಹೂತುಕೊಳ್ಳುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನಾನು ಎರಡು ಇಂಚು ದಪ್ಪದ ಹಲಸಿನ ಹಲಗೆ ಹಾಕಿ ಅದರ ಮೇಲೆ ಸ್ಟ್ಯಾಂಡ್ ಇಡುತ್ತೇನೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಬೇಡಿ, ಕಾರಿನ ಅಡಿಗೆ ಮಲಗಿಸಿಡಿ.

ಶಬ್ದಕ್ಕೆ ಸರಿಯಾದ ಹೆಸರು

ಪೇಟೆಯ ಗ್ಯಾರೇಜಿನಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಫೋನಿನಲ್ಲಿ "ಮುಂದೆ ಏನೋ ಶಬ್ದ ಬರ್ತಿದೆ" ಎಂದದ್ದಕ್ಕೆ ಅವರು ಕೇಳಿದರು: "ಎಂಥ ಶಬ್ದ ಗೌಡ್ರೇ? ಬಾಯಲ್ಲಿ ಮಾಡಿ ತೋರ್ಸಿ." ನಾನು ಮಾಡಿ ತೋರಿಸಿದೆ. ಅದರಲ್ಲೇ ಅರ್ಧ ಕೆಲಸ ಮುಗಿಯಿತು. ಕನ್ನಡದಲ್ಲಿ ಶಬ್ದಕ್ಕೆ ಇರುವಷ್ಟು ಹೆಸರು ಸರ್ವಿಸ್ ಪುಸ್ತಕದಲ್ಲಿ ಇಲ್ಲ. ಅವುಗಳನ್ನು ಉದಾರವಾಗಿ ಬಳಸಿ.

ಕಟಕಟ ಎಂದು ಸಣ್ಣ ಸಣ್ಣ ಉಬ್ಬಿಗೆ ಬೇಗಬೇಗ ಬಂದರೆ ಹಗುರವಾದ ಭಾಗ ಸಡಿಲವಾಗಿದೆ: ಲಿಂಕ್ ರಾಡ್, ಬ್ರೇಕ್ ಪ್ಯಾಡ್, ಕ್ಲಿಪ್ಪಿನಿಂದ ಕಳಚಿದ ಬ್ರೇಕ್ ಪೈಪು. ದಡ್ ಎಂದು ಒಂದೇ ಏಟು, ಗುಂಡಿಗೆ ಬಿದ್ದಾಗ ಮಾತ್ರ ಬಂದರೆ ಭಾರ ಹೊರುವ ಭಾಗ: ಮೇಲಿನ ಮೌಂಟಿಂಗ್, ಶಾಕಪ್‌ನ ತುದಿಯ ನಟ್ಟು, ಲೋಯರ್ ಆರ್ಮ್ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್. ಬ್ರೇಕ್ ಒತ್ತಿದಾಗ ಒಮ್ಮೆ ಟಕ್, ರಿವರ್ಸ್ ಹೊರಟಾಗ ಮತ್ತೊಮ್ಮೆ ಟಕ್ ಎಂದರೆ ಯಾವುದೋ ಬೋಲ್ಟು ತನ್ನ ತೂತಿನೊಳಗೆ ಹಿಂದೆ ಮುಂದೆ ಜಾರುತ್ತಿದೆ. ಟೊಂಯ್ ಎಂದರೆ ಸ್ಪ್ರಿಂಗು. ಕಿರ್ರ್ ಎಂದರೆ ರಬ್ಬರು. ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಟಕಟಕಟಕ ಎಂದು ಚಕ್ರದ ವೇಗಕ್ಕೆ ಸರಿಯಾಗಿ ಬಂದರೆ ಅದು ಸಸ್ಪೆನ್ಷನ್ (ಶಾಕಪ್, ಸ್ಪ್ರಿಂಗು, ಆರ್ಮ್ ಸೇರಿದ ಜೋಡಣೆ) ಅಲ್ಲವೇ ಅಲ್ಲ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟು. ವೇಗ ಏರಿದಂತೆ ಗುಂಯ್ ಎಂದು ಏರಿದರೆ ಹಬ್ (ಚಕ್ರ ಕೂರುವ ಭಾಗ) ಬೇರಿಂಗ್.

ಶಬ್ದ ಯಾವಾಗ ಬರುತ್ತದೆ ಎನ್ನುವುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗಲೋ, ಓಡುವಾಗ ಮಾತ್ರವೋ? ಬ್ರೇಕಿನ ಮೇಲೆ ಕಾಲಿಟ್ಟರೆ ನಿಲ್ಲುತ್ತದೆಯೋ? ಬೆಳಿಗ್ಗೆ ಚಳಿಯಲ್ಲಿ ಹೆಚ್ಚೋ, ಮಳೆಯಲ್ಲಿ ನೆನೆದಾಗ ಕಡಿಮೆಯೋ? ಒಂದು ಚಕ್ರ ಉಬ್ಬು ಹತ್ತಿದಾಗಲೋ, ಎರಡೂ ಒಟ್ಟಿಗೆ ಹತ್ತಿದಾಗಲೋ? ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಮುಂದೆ ಹೇಳುತ್ತೇನೆ.

ಶಬ್ದ ಯಾವ ಕಡೆಯಿಂದ ಬರುತ್ತಿದೆ ಎನ್ನುವುದಕ್ಕೆ ಮಾತ್ರ ಕಿವಿಯನ್ನು ಪೂರ್ತಿ ನಂಬಬೇಡಿ. ಕಬ್ಬಿಣದ ಬಾಡಿಯಲ್ಲಿ ಶಬ್ದ ಹರಿದಾಡುತ್ತದೆ. ಬಲಗಾಲಿನ ಹತ್ತಿರ ಕೇಳಿದ್ದು ಎಡ ಚಕ್ರದ್ದೂ ಆಗಿರಬಹುದು. ಆ ಮೆಕ್ಯಾನಿಕ್ ಹೇಳಿಕೊಟ್ಟ ಹಾಗೆ ಅನುಮಾನವಿರುವ ಭಾಗದ ಮೇಲೆ ಕೈ ಇಡಿ, ಇನ್ನೊಬ್ಬರು ಕಾರನ್ನು ಅಲ್ಲಾಡಿಸಲಿ ಅಥವಾ ಸ್ಟೇರಿಂಗ್ ತಿರುಗಿಸಲಿ. ಶಬ್ದ ಬಂದ ಗಳಿಗೆಯಲ್ಲೇ ಕೈಗೆ ಏಟು ತಾಗಿದರೆ ಮೂಲ ಸಿಕ್ಕಿತು.

ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಜೋಡಣೆ 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಬಂತು. ನಮ್ಮ ರಸ್ತೆಗಳಿಗೆ ಇದನ್ನು ಮನೆಮನೆಗೆ ತಂದದ್ದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಅಪ್ಪನ ಕಾಲದ ಅಂಬಾಸಡರ್‌ನಲ್ಲಿ ಮುಂದೆ ಇದ್ದದ್ದು ತಿರುಚಿಕೊಳ್ಳುವ ಉಕ್ಕಿನ ಸರಳು, ಟಾರ್ಷನ್ ಬಾರ್. ಸ್ಟ್ರಟ್‌ನಲ್ಲಿ ಶಾಕಪ್ ಬರೀ ಕುಲುಕಾಟ ತಡೆಯುವ ವಸ್ತುವಲ್ಲ, ಚಕ್ರ ತಿರುಗುವ ಕಂಬವೇ ಅದು. ಸ್ಟೇರಿಂಗ್ ತಿರುಗಿಸಿದಾಗ ಶಾಕಪ್, ಸ್ಪ್ರಿಂಗು ಎರಡೂ ತಿರುಗುತ್ತವೆ, ಮೇಲಿನ ಬೇರಿಂಗ್ ಅದಕ್ಕೆ ದಾರಿ ಮಾಡಿಕೊಡುತ್ತದೆ. ಆದ್ದರಿಂದಲೇ ಮೇಲೆ ಮಾಡಿದ ತಪ್ಪು ಸ್ಟೇರಿಂಗ್ ತಿರುಗಿಸಿದಾಗ ಕೇಳಿಸುತ್ತದೆ.

ಎಡಗಡೆಯ ಕಟಕಟ

ಲಿಂಕ್ ರಾಡ್ ಎಂದರೆ ಎರಡು ತುದಿಯಲ್ಲೂ ಗುಂಡಿನಂಥ ಜಾಯಿಂಟ್ ಇರುವ, ಗೇಣುದ್ದದ ಕಡ್ಡಿ. ಒಂದು ತುದಿ ಶಾಕಪ್‌ಗೆ, ಇನ್ನೊಂದು ತುದಿ ಎಡದಿಂದ ಬಲಕ್ಕೆ ಅಡ್ಡಲಾಗಿ ಹೋಗುವ ಸ್ಟೆಬಿಲೈಜರ್ ಬಾರ್‌ಗೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಆ ಬಾರ್ ತನ್ನನ್ನು ಹಿಡಿದ ರಬ್ಬರ್ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ, ಲಿಂಕ್ ರಾಡ್ ಮೇಲೆ ಭಾರವೇ ಬೀಳುವುದಿಲ್ಲ. ಒಂದೇ ಚಕ್ರ ಎದ್ದಾಗ ಬಾರ್ ತಿರುಚಿಕೊಳ್ಳುತ್ತದೆ, ಆಗ ಲಿಂಕ್ ರಾಡನ್ನು ಒಂದು ಸಲ ಎಳೆಯುತ್ತದೆ, ಒಂದು ಸಲ ನೂಕುತ್ತದೆ.

ಇದರಿಂದ ಸಿಗುವ ಪರೀಕ್ಷೆ ಬಹಳ ಸುಲಭ. ಶಾಲೆಯ ಮುಂದಿರುವಂಥ ಅಗಲವಾದ ಹಂಪ್ಸ್ ಹುಡುಕಿ. ಮೊದಲ ಸಲ ಕಾರನ್ನು ನೇರ ಇಟ್ಟು, ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ, ನಡಿಗೆಯ ವೇಗದಲ್ಲಿ ದಾಟಿಸಿ. ಎರಡನೇ ಸಲ ಓರೆಯಾಗಿ, ಒಂದಾದ ಮೇಲೆ ಒಂದು ಚಕ್ರ ಹತ್ತುವಂತೆ ದಾಟಿಸಿ. ಮಕ್ಕಳಿಲ್ಲದ ಹೊತ್ತು ನೋಡಿಕೊಳ್ಳಿ. ನಾನು ಭಾನುವಾರ ಬೆಳಿಗ್ಗೆ ಹೋದೆ. ನೇರ ದಾಟಿಸಿದಾಗ ಕಾರು ಮೌನ, ಓರೆಯಾಗಿ ದಾಟಿಸಿದಾಗ ಕಟಕಟ. ಹೀಗಾದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಜರ್ ಬುಷ್ ಬಿಟ್ಟು ಬೇರೆ ಕಡೆ ಮೊದಲು ನೋಡುವ ಅಗತ್ಯವಿಲ್ಲ. ಎರಡೂ ಸಲ ಶಬ್ದ ಬಂದರೆ ಶಾಕಪ್, ಮೌಂಟಿಂಗ್, ಆರ್ಮ್ ಕಡೆ ಹೋಗಿ.

ಮನೆಗೆ ಬಂದು ಎಡಗಡೆ ಮಾತ್ರ ಜಾಕಿ ಎತ್ತಿ ಲಿಂಕ್ ರಾಡ್ ಅಲ್ಲಾಡಿಸಿದೆ. ಗಟ್ಟಿಯಾಗಿತ್ತು, ಬಂಡೆಯ ಹಾಗೆ. ಇಲ್ಲೇ ನಾನು ನಾಲ್ಕು ದಿನ ಕಳೆದುಕೊಂಡೆ. ಒಂದೇ ಕಡೆ ಎತ್ತಿದಾಗ ಒಂದು ಚಕ್ರ ಕೆಳಗೆ ನೇತಾಡುತ್ತದೆ, ಇನ್ನೊಂದು ನೆಲದ ಮೇಲಿರುತ್ತದೆ, ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದುಕೊಂಡಿರುತ್ತದೆ. ಸಡಿಲವಿದ್ದರೂ ಕೈಗೆ ಸಿಗುವುದಿಲ್ಲ. ಎರಡೂ ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಗ ಅಲ್ಲಾಡಿಸಿ. ಹಾಗೆ ಮಾಡಿದ ತಕ್ಷಣ ಎಡ ಲಿಂಕ್ ರಾಡಿನ ಕೆಳತುದಿ ಟಕಟಕ ಎಂದು ಕೈಯಲ್ಲೇ ಆಡಿತು.

ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಬಿಗಿಯಾಗಿಯೇ ಇತ್ತು. ಮೋಸ ಅಲ್ಲೇ. ಈ ನಟ್ಟಿನ ಒಳಗೆ ಸಡಿಲವಾಗದಂತೆ ತಡೆಯುವ ನೈಲಾನ್ ಬಳೆ ಇರುತ್ತದೆ, ಅದು ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಕಚ್ಚಿದಾಗ ನಟ್ಟು ಬಿಗಿಯಾದ ಹಾಗೇ ಕೈಗೆ ಅನಿಸುತ್ತದೆ. ಅಲ್ಲಿಂದ ಮುಂದೆ ನಾನು ತಿರುಗಿಸಿದಷ್ಟೂ ಜಾಯಿಂಟಿನ ಗುಂಡು ನಟ್ಟಿನ ಜೊತೆ ತಾನೂ ತಿರುಗುತ್ತಿತ್ತು. ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಕೂರುವ ಆರು ಮೂಲೆಯ ಕುಳಿ ಇರುತ್ತದೆ, ಕೆಲವು ಕಾರುಗಳಲ್ಲಿ ಹಿಂಬದಿಗೆ ಸ್ಪ್ಯಾನರ್ ಹಿಡಿಯುವ ಚಪ್ಪಟೆ ಜಾಗ ಇರುತ್ತದೆ. ಅದನ್ನು ಒಂದು ಕೈಯಲ್ಲಿ ಹಿಡಿದು ನಟ್ಟನ್ನು ರಿಂಗ್ ಸ್ಪ್ಯಾನರಿನಿಂದ ತಿರುಗಿಸಬೇಕು. ಲೋಹಕ್ಕೆ ಲೋಹ ಸರಿಯಾಗಿ ಕೂತ ಮೇಲೆ ಗುಂಡು ತಿರುಗುವುದು ನಿಲ್ಲುತ್ತದೆ, ಆಮೇಲೆ ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಹಾಕಬಹುದು. ಬಿಚ್ಚಿದ ನೈಲಾನ್ ನಟ್ಟನ್ನು ಮತ್ತೆ ಬಳಸಬೇಡಿ, ಹೊಸದು ಹಾಕಿ. ಮುಗಿದ ಮೇಲೆ ಜಾಯಿಂಟಿನ ರಬ್ಬರ್ ಟೋಪಿ ತಿರುಚಿಕೊಂಡಿಲ್ಲ, ಹರಿದಿಲ್ಲ ಎಂದು ಬೆರಳಾಡಿಸಿ ನೋಡಿ. ಹರಿದರೆ ಮಳೆನೀರು ಹೊಕ್ಕು ಜಾಯಿಂಟು ಬೇಗ ಹಾಳಾಗುತ್ತದೆ.

ಇನ್ನೂ ಅನುಮಾನ ಉಳಿದರೆ ಎರಡೂ ಲಿಂಕ್ ರಾಡ್‌ಗಳ ಒಂದೊಂದು ತುದಿ ಬಿಚ್ಚಿ, ಯಾವುದಕ್ಕೂ ತಾಗದಂತೆ ಹಗ್ಗದಲ್ಲಿ ಕಟ್ಟಿ, ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಓಡಿಸಿ ನೋಡಬಹುದು. ಶಬ್ದ ನಿಂತರೆ ಉತ್ತರ ಸಿಕ್ಕಿತು. ರಸ್ತೆಗೆ ಮಾತ್ರ ಹಾಗೆ ಹೋಗಬೇಡಿ, ತಿರುವಿನಲ್ಲಿ ಕಾರು ವಿಪರೀತ ವಾಲುತ್ತದೆ.

ಬಲಗಡೆಯ ಟೊಂಯ್

ಇದಕ್ಕೆ ಇಬ್ಬರು ಬೇಕು. ಕಾರು ನೆಲದ ಮೇಲೆ ನಾಲ್ಕೂ ಚಕ್ರ ಊರಿ ನಿಂತಿರಲಿ, ಗೇರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಚಾಲೂ ಇರಲಿ. ಅಕ್ಕನ ಮಗ ಒಳಗೆ ಕೂತು ಸ್ಟೇರಿಂಗನ್ನು ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದ. ನಾನು ಚಕ್ರದ ಮೇಲಿನ ಸಂದಿನಿಂದ ಅಂಗೈಯನ್ನು ಸ್ಪ್ರಿಂಗಿನ ಹೊರಮೈಗೆ ಒತ್ತಿ ಹಿಡಿದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ಹಾಕಲೇಬಾರದು, ಟೈರು ಮತ್ತು ಬಾಡಿಯ ನಡುವೆಯೂ ಕೈ ಸಿಕ್ಕಿಕೊಳ್ಳಬಾರದು. ಒಳಗಿರುವವರು ನೀವು ಹೇಳುವ ತನಕ ಏನೂ ಮುಟ್ಟಬಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಮುಕ್ಕಾಲು ಸುತ್ತಿನವರೆಗೆ ಸ್ಪ್ರಿಂಗು ಅಲುಗಾಡದೆ ಕೂತಿತ್ತು, ಆಮೇಲೆ ಒಮ್ಮೆಲೇ ಅಂಗೈಯಡಿ ಜಿಗಿಯಿತು. ಆ ಜಿಗಿತಕ್ಕೆ ಸರಿಯಾಗಿ ಟೊಂಯ್. "ಮಾವ, ಇದೇ ಶಬ್ದ!" ಎಂದ ಹುಡುಗ ಒಳಗಿನಿಂದ. ಸ್ಪ್ರಿಂಗು ಶಾಕಪ್ ಜೊತೆ ಸುಲಭವಾಗಿ ತಿರುಗದೆ, ಮುರಿ ತುಂಬಿಕೊಂಡು, ತಡೆಯಲಾರದಾದಾಗ ಸಿಡಿದು ಬಿಡುಗಡೆಯಾಗುತ್ತಿದೆ ಎಂದು ಇದರ ಅರ್ಥ.

ಕಾರಣ ಮೂರರಲ್ಲಿ ಒಂದು. ಸ್ಪ್ರಿಂಗಿನ ಕೆಳತುದಿ ಶಾಕಪ್‌ನ ತಟ್ಟೆಯಲ್ಲಿರುವ ಮೆಟ್ಟಿಲಿಗೆ ತಾಗಿ ಕೂತಿಲ್ಲ. ಇಲ್ಲವೇ ಮೇಲಿನ ಬೇರಿಂಗನ್ನು ತಲೆಕೆಳಗಾಗಿ ಅಥವಾ ಓರೆಯಾಗಿ ಹಾಕಿದ್ದೀರಿ. ಇಲ್ಲವೇ ಸ್ಪ್ರಿಂಗಿನ ತುದಿಗೆ ಇರುವ ರಬ್ಬರ್ ಹೊದಿಕೆ ಮರೆತಿದ್ದೀರಿ. ನನ್ನದು ಮೊದಲನೆಯದು. ಟಾರ್ಚ್ ಬಿಟ್ಟು ನೋಡಿದರೆ ಸ್ಪ್ರಿಂಗಿನ ತುದಿ ಮೆಟ್ಟಿಲಿನಿಂದ ಸುಮಾರು ಒಂದು ಇಂಚು ಹಿಂದೆ ಉಳಿದಿತ್ತು. ಬಿಚ್ಚದೆಯೇ ಕಾಣುವ ತಪ್ಪು ಇದು, ಚಕ್ರ ತೆಗೆದು ಮೊದಲು ಅಲ್ಲಿಗೇ ಟಾರ್ಚ್ ಬಿಡಿ.

ಸರಿಪಡಿಸಲು ಸ್ಟ್ರಟ್ ಇಳಿಸಿ ಸ್ಪ್ರಿಂಗನ್ನು ಮತ್ತೆ ಒತ್ತಲೇಬೇಕು. ಇದೊಂದನ್ನು ಮಾತ್ರ ಮನೆಯಲ್ಲಿ ಒಬ್ಬರೇ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒತ್ತಿ ಹಿಡಿದ ಸ್ಪ್ರಿಂಗು ಕ್ಲಾಂಪಿನಿಂದ ಜಾರಿದರೆ ಮೂಳೆ ಮುರಿಯುತ್ತದೆ, ಜೀವವೂ ಹೋಗಬಹುದು. ಹಗ್ಗ, ತಂತಿ ಕಟ್ಟಿ ಒತ್ತುವುದನ್ನು ನೋಡಿದ್ದೇನೆ, ಅದು ಬೇಡವೇ ಬೇಡ. ನಾನು ಸ್ಟ್ರಟ್ ಹೊತ್ತುಕೊಂಡು ಅದೇ ಹಿರಿಯರ ಗ್ಯಾರೇಜಿಗೆ ಹೋದೆ. ಅವರು ಕ್ಲಾಂಪು ನೋಡಿಕೊಂಡರು, ನಾನು ಸ್ಪ್ರಿಂಗಿನ ತುದಿಯನ್ನು ಮೆಟ್ಟಿಲಿಗೆ ಕೂರಿಸಿದೆ. ಸ್ಪ್ರಿಂಗು ಸಡಿಲಿಸುವಾಗ ಕೆಳತುದಿ, ಮೇಲ್ತುದಿ ಎರಡನ್ನೂ ನೋಡುತ್ತಲೇ ಇರಬೇಕು, ಕೊನೆಯ ಗಳಿಗೆಯಲ್ಲೇ ಅದು ಹೊರಳುವುದು.

ಹಾಗೆಯೇ ಹೊಸ ಶಾಕಪ್ ಹಾಕುವ ಮುಂಚೆ ಅದನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಬೇಕು. ಡಬ್ಬಿಯಲ್ಲಿ ಮಲಗಿದ್ದ ಶಾಕಪ್‌ನ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಅದು ಹೋಗದಿದ್ದರೆ ಮೊದಲ ದಿನಗಳಲ್ಲಿ ಒಳಗೇ ದಬದಬ ಎನ್ನುತ್ತದೆ.

ಕಿರ್ರ್

ಮೂರರಲ್ಲಿ ಇದೇ ನನಗೆ ಹೆಚ್ಚು ಪಾಠ ಕಲಿಸಿತು. ಎಲ್ಲ ನಟ್ಟೂ ಸರಿಯಾದ ಬಿಗಿಯಲ್ಲಿತ್ತು, ಸಾಮಾನೂ ಹೊಸದು. ಆದರೂ ಹಂಪ್ಸ್ ಮೇಲೆ ನಿಧಾನ ಹೋದಾಗ, ಜನ ಹತ್ತಿ ಇಳಿದಾಗ ಕಿರ್ರ್.

ಲೋಯರ್ ಆರ್ಮ್‌ನ ಬುಷ್ ಹೇಗಿರುತ್ತದೆ ಎಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಡುವೆ ಕಬ್ಬಿಣದ ಕೊಳವೆ, ಸುತ್ತ ರಬ್ಬರು, ಹೊರಗೆ ಆರ್ಮ್. ರಬ್ಬರು ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿಮಾಡಿದಾಗ ನಡುವಿನ ಕೊಳವೆ ಚಾಸಿಗೆ ಕಚ್ಚಿ ನಿಂತುಬಿಡುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಕೊಳವೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತದೆ. ಬಾಗಿಲ ಕೀಲಿನ ಹಾಗೆ ಇಲ್ಲಿ ಜಾರುವ ಭಾಗವಿಲ್ಲ.

ನಾನು ಬೋಲ್ಟು ಬಿಗಿಮಾಡಿದ್ದು ಕಾರು ಸ್ಟ್ಯಾಂಡ್ ಮೇಲಿದ್ದಾಗ, ಚಕ್ರ ಕೆಳಗೆ ನೇತಾಡುತ್ತಿದ್ದಾಗ. ಆ ನೇತಾಡುವ ಭಂಗಿಯೇ ರಬ್ಬರಿಗೆ ಸಹಜ ಸ್ಥಿತಿಯಾಗಿಬಿಟ್ಟಿತು. ಕಾರನ್ನು ಇಳಿಸಿದ ಕೂಡಲೇ ಭಾರಕ್ಕೆ ಆರ್ಮ್ ಮೇಲೆದ್ದು ರಬ್ಬರು ನಿಂತಲ್ಲೇ ತಿರುಚಿಕೊಂಡಿತು. ಓಡುವಾಗ ಅದರ ಮೇಲೆ ಇನ್ನಷ್ಟು ತಿರುಚು. ಮೊದಲು ಕಿರುಗುಟ್ಟುತ್ತದೆ, ಕಾರು ಆ ಕಡೆ ಒಂಚೂರು ಎತ್ತರ ನಿಲ್ಲಬಹುದು, ಕೊನೆಗೆ ಹೊಸ ಬುಷ್ಷೇ ಹರಿಯುತ್ತದೆ.

ಇದೇ ಕಾರಣವೋ ಎಂದು ತಿಳಿಯಲು ನೀರು ಸಾಕು. ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಕೈಪಂಪನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಒಂದೊಂದೇ ಬುಷ್‌ಗೆ ಹೊಡೆದು, ಪ್ರತಿ ಸಲ ಬಾನೆಟ್ ಮೇಲೆ ಭಾರ ಹಾಕಿ ಕುಲುಕಿ ನೋಡಿ. ಯಾವ ಬುಷ್ ನೆನೆದಾಗ ಶಬ್ದ ಸ್ವಲ್ಪ ಹೊತ್ತು ತಣ್ಣಗಾಯಿತೋ ಅದೇ. ಎಲ್ಲಕ್ಕೂ ಒಟ್ಟಿಗೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಶಬ್ದ ನಿಲ್ಲಿಸಲು ಎಂಜಿನ್ ಆಯಿಲ್, ಡೀಸೆಲ್, ಗ್ರೀಸು ಬಳಿಯಬೇಡಿ. ಖನಿಜ ತೈಲ ತಾಗಿದರೆ ಬುಷ್‌ನ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಗಾಡಿಯ ಅಡಿಗೆ ಹಳೇ ಆಯಿಲ್ ಹೊಡೆಸುವವರು ಬುಷ್‌ಗಳ ಗತಿಯನ್ನೂ ಯೋಚಿಸಲಿ.

ಸರಿಪಡಿಸುವುದು ಸುಲಭ, ಯಾವ ಸಾಮಾನೂ ಬೇಡ. ಕಾರು ಸಮನಾಗಿ ನೆಲದ ಮೇಲೆ ನಿಂತಾಗ ಹಬ್‌ನ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಕಾರು ಎತ್ತಿ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು, ಆರ್ಮ್‌ನ ಒಳಬದಿಯ ಬೋಲ್ಟುಗಳನ್ನು ಸಡಿಲಿಸಿ. ತೆಗೆಯಬೇಡಿ, ಸಡಿಲಿಸಿದರೆ ಸಾಕು. ಈಗ ಜಾಕಿಯನ್ನು ಬಾಲ್ ಜಾಯಿಂಟಿನ ಹತ್ತಿರ ಆರ್ಮ್‌ನ ಅಡಿಗೆ, ನಡುವೆ ಮರದ ತುಂಡು ಇಟ್ಟು, ಬರೆದುಕೊಂಡ ಅಳತೆ ಬರುವ ತನಕ ಮೆಲ್ಲಗೆ ಎತ್ತಿ. ಬಾಡಿ ಸ್ಟ್ಯಾಂಡಿನಿಂದ ಎದ್ದರೆ ಹೆಚ್ಚಾಯಿತು, ಇಳಿಸಿ. ಸಡಿಲವಾಗಿದ್ದ ಕೊಳವೆ ತನ್ನ ಜಾಗಕ್ಕೆ ತಾನೇ ಹೊರಳಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟುಗಳನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಹೇಳುವ ಬಿಗಿಗೆ ತನ್ನಿ. ನನ್ನ ಕಿರ್ರ್ ಅಲ್ಲಿಗೆ ನಿಂತಿತು, ಮತ್ತೆ ಬಂದಿಲ್ಲ.

ಉಳಿದವು

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿ. ಎಡಬಲ ಮಾತ್ರ ಆಡಿದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ, ಟೈರಾಡ್ ಎಂಡ್. ಮೇಲೆ ಕೆಳಗೆ ಆಡಿದರೆ ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಟೈರಿನ ಅಡಿಗೆ ಟಾಮಿ ರಾಡ್ ಕೊಟ್ಟು ಮೇಲೆ ಮೀಟಿದರೆ ಅದು ಇನ್ನೂ ಸ್ಪಷ್ಟವಾಗುತ್ತದೆ.

ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟು ಒರಟು ರಸ್ತೆಯಲ್ಲಿ ಹೋದಾಗ ಶಬ್ದ ಮಾಯವಾದರೆ ಸಸ್ಪೆನ್ಷನ್ ಬಿಟ್ಟುಬಿಡಿ. ಬ್ರೇಕ್ ಪ್ಯಾಡ್ ಹಿಡಿಯುವ ಕ್ಯಾಲಿಪರ್ ತೆಗೆದಾಗ ಪ್ಯಾಡಿನ ಕ್ಲಿಪ್ ಬಿಟ್ಟುಹೋಗಿದೆ, ಇಲ್ಲವೇ ಕ್ಯಾಲಿಪರ್ ಬೋಲ್ಟು ಸಡಿಲವಿದೆ. ಎರಡನೆಯದಾದರೆ ಕಾರು ಅಲ್ಲೇ ನಿಲ್ಲಬೇಕು. ಶರಶರ ಎಂದು ಚಕ್ರದ ಸುತ್ತಿಗೊಮ್ಮೆ ಉಜ್ಜಿದರೆ ಡಿಸ್ಕಿನ ಹಿಂದಿನ ತೆಳು ತಗಡು ನಿಮ್ಮ ಮೊಣಕೈ ತಾಗಿ ಬಗ್ಗಿದೆ, ಕೈಯಲ್ಲೇ ಹಿಂದಕ್ಕೆ ಒತ್ತಿ.

ಗುಂಡಿಗೆ ದಡ್ ಎಂದರೆ ಬಾನೆಟ್ ಎತ್ತಿ, ಸ್ಟ್ರಟ್‌ನ ಮೇಲ್ತುದಿ ಕೂರುವ ಗುಮ್ಮಟದ ಮೇಲೆ ಕೈಯಿಟ್ಟು ಇನ್ನೊಬ್ಬರಿಂದ ಕಾರು ಕುಲುಕಿಸಿ. ನಡುವಿನ ನಟ್ಟು ಪೂರ್ತಿ ಬಿಗಿಯಾಗದೆ ಉಳಿಯುವುದು ಸಾಮಾನ್ಯ, ಅಲ್ಲೂ ರಾಡು ನಟ್ಟಿನ ಜೊತೆ ತಿರುಗಿ ಮೋಸ ಮಾಡುತ್ತದೆ.

ಟಕಟಕಟಕ ಹೊಸದಾಗಿ ಬಂದಿದ್ದರೆ ನೆನಪಿಸಿಕೊಳ್ಳಿ: ಶಾಕಪ್ ಬಿಚ್ಚಿದಾಗ ಹಬ್ ಹೊರಕ್ಕೆ ವಾಲಿ ಡ್ರೈವ್ ಶಾಫ್ಟನ್ನು ಎಳೆಯಿತೇ? ಎಳೆದರೆ ಒಳಗಡೆಯ ಜಾಯಿಂಟು ತನ್ನ ಬಟ್ಟಲಿನಿಂದ ಕಳಚಿಕೊಳ್ಳಬಹುದು. ಜಾಯಿಂಟಿನ ರಬ್ಬರ್ ಬೂಟಿನಿಂದ ಗ್ರೀಸು ಚಿಮ್ಮಿದೆಯೇ, ಗೇರ್ ಬಾಕ್ಸ್ ಕಡೆ ಎಣ್ಣೆ ಜಿನುಗುತ್ತಿದೆಯೇ ನೋಡಿ. ಮುಂದಿನ ಸಲ ಹಬ್ಬನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿಡಿ. ಬ್ರೇಕ್ ಪೈಪಿನ ಮೇಲೂ ಅದರ ಭಾರ ಬೀಳಬಾರದು.

ಲೋಯರ್ ಆರ್ಮ್ ಬದಲಿಸಿದವರು ಇದನ್ನು ಇನ್ನೊಮ್ಮೆ ನೋಡಲೇಬೇಕು. ಬಾಲ್ ಜಾಯಿಂಟಿನ ಕಡ್ಡಿಯಲ್ಲಿ ಒಂದು ತೋಡು ಇರುತ್ತದೆ, ಹಬ್‌ನಲ್ಲಿ ಅಡ್ಡ ಹೋಗುವ ಬೋಲ್ಟು ಆ ತೋಡಿನಲ್ಲೇ ಹಾದು ಹೋಗಬೇಕು. ಕಡ್ಡಿ ಪೂರ್ತಿ ಮೇಲೆ ಹೋಗದೆ ಬೋಲ್ಟು ತೋಡಿಗಿಂತ ಮೇಲೆ ಉಳಿದರೆ ಬಾಲ್ ಜಾಯಿಂಟ್ ಕಳಚಿ ಚಕ್ರ ಮಡಚಿಕೊಳ್ಳುತ್ತದೆ. ಬಾಲ್ ಜಾಯಿಂಟ್, ಟೈರಾಡ್ ಎಂಡ್, ಬ್ರೇಕ್, ವೀಲ್ ನಟ್ಟು, ಈ ನಾಲ್ಕರಲ್ಲಿ ಯಾವುದರ ಮೇಲೆ ಅನುಮಾನ ಬಂದರೂ "ಪೇಟೆ ತನಕ ಹೋಗಿ ಬರೋಣ" ಎನ್ನಬೇಡಿ. ಮೆಕ್ಯಾನಿಕ್ ನಿಮ್ಮಲ್ಲಿಗೆ ಬರಲಿ.

ಶಾಕಪ್ ಮತ್ತು ಹಬ್ ಸೇರುವ ಎರಡು ಬೋಲ್ಟುಗಳ ತೂತಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ, ಬಿಚ್ಚಿ ಹಾಕಿದರೆ ಚಕ್ರದ ಓರೆ ಬದಲಾಗಿಯೇ ಆಗುತ್ತದೆ. ಶಬ್ದ ಎಲ್ಲ ನಿಂತ ಮೇಲೆ ಆ ಓರೆ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ. ಮೊದಲೇ ಮಾಡಿಸಿದರೆ, ಮತ್ತೆ ಬಿಚ್ಚಿದಾಗ ಆ ದುಡ್ಡು ನೀರಿಗೆ. ನಾನು ಶಿವಮೊಗ್ಗಕ್ಕೆ ಹೋದ ದಿನ ಮಾಡಿಸಿದೆ.

ಆಮೇಲೆ ಕಿಟಕಿ ಇಳಿಸಿ ಆಗುಂಬೆ ಘಾಟಿ ಇಳಿದು ಹತ್ತಿದೆವು. ಹದಿನಾಲ್ಕು ತಿರುವು, ಎರಡೂ ಕಡೆ ಪೂರ್ತಿ ಸ್ಟೇರಿಂಗ್, ಇಳಿಜಾರಿನಲ್ಲಿ ಬ್ರೇಕು. ಮುಂದಿನ ಸಸ್ಪೆನ್ಷನ್‌ಗೆ ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹೋಗುವ ಮುಂಚೆ ಬಿಚ್ಚಿ ಹಾಕಿದ ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಮಗಳ ಕೆಂಪು ಉಗುರುಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದೆ. ನಟ್ಟು ಕದಲಿದರೆ ಗೆರೆ ಎರಡಾಗುತ್ತದೆ, ಸ್ಪ್ಯಾನರ್ ಹಾಕದೆಯೇ ತಿಳಿಯುತ್ತದೆ. 500 ಕಿ.ಮೀ. ಆದ ಮೇಲೆ ಮತ್ತೆ ಕಾರಿನ ಅಡಿಗೆ ಹೋಗಿ ನೋಡಿದೆ. ಬಲಗಡೆ ಲಿಂಕ್ ರಾಡಿನ ಮೇಲ್ತುದಿಯ ಗೆರೆ ಒಂದು ಅಕ್ಕಿಕಾಳಿನಷ್ಟು ಸರಿದಿತ್ತು. ಶಬ್ದ ಇನ್ನೂ ಶುರುವಾಗಿರಲಿಲ್ಲ. ಅಲೆನ್ ಕೀ ಹಿಡಿದು ಬಿಗಿಮಾಡಿ, ಹಳೆಯ ಗೆರೆ ಒರೆಸಿ, ಹೊಸದೊಂದು ಎಳೆದೆ.